ರಾಶಿ ಮಾಡದ ಹೊಲ

ಹಸ್ತ ಮಳೆ ಮುಗಿದ ಮೂರನೇ ದಿನ ಜೀಪು ಬಂತು.
ಐದು ಚೀಲ ಇಳಿಸಿ ಒಂದು ಚೀಟಿ ಕೊಟ್ಟು ಹೋಯಿತು.
ಚೀಟಿಯಲ್ಲಿ ಹುರುಳಿ, ಅಲಸಂದೆ, ಅಗಸೆ, ಕುದುರೆಮೆಂತೆ,
ಕೊನೆಗೆ ಓಟ್ಸ್.
ಓಟ್ಸ್ ನನಗೆ ಗೊತ್ತು.
ಜಗಳೂರಲ್ಲಿ ಸಕ್ಕರೆ ಕಾಯಿಲೆಯ ರೈಟರ್ ಸಾಹೇಬರು
ಬೆಳಿಗ್ಗೆ ಮುಖ ಕಿವುಚಿಕೊಂಡು ಉಣ್ಣುವುದು.
"ಕೊಂಡಕುರಿಗೂ ಬಂತೇನು ಸಕ್ಕರೆ?" ಅಂದೆ.
ಪಾಲಯ್ಯ ನಗಲಿಲ್ಲ. ವಾಚರ್ ಆದಮೇಲೆ
ಖಾಕಿ ಅಂಗಿಯೊಳಗೆ ಅವನ ನಗು ಸ್ವಲ್ಪ ಬಿಗಿ.

ರಾತ್ರಿ ಬೆಲ್ಲದ ಪಾಕ ಕಾಸಿ, ಆರಿಸಿ,
ಇಲಾಖೆಯವರ ಕಪ್ಪು ಪುಡಿ ಕಲಸಿ
ಹುರುಳಿಗೂ ಅಲಸಂದೆಗೂ ಹಚ್ಚಿ
ನಡುಮನೆಯ ಚಾಪೆ ಮೇಲೆ ಹರವಿದೆ.
ಇರುವೆಗೆ ಸುದ್ದಿ ಮುಟ್ಟುವ ಮೊದಲು ಬೆಳಗಾಗಬೇಕು.
ಅಗಸೆ ಬೆರಳ ಸಂದಿಯಲ್ಲಿ ಜಾರುತ್ತದೆ,
ಕುದುರೆಮೆಂತೆ ಕಣ್ಣಿಗೇ ಸಿಗದು.
ಎರಡಕ್ಕೂ ಮೂರು ಪಾಲು ಹಳ್ಳದ ಮರಳು ಬೆರೆಸಿದೆ.
ಸಣ್ಣವರನ್ನು ಜೊತೆಯಿಲ್ಲದೆ ಕಳಿಸಿದರೆ
ಎಲ್ಲರೂ ಒಂದೇ ಮೂಲೆ ಹಿಡಿಯುತ್ತಾರೆ.

ರಂಗಯ್ಯನದುರ್ಗದ ಕಾಡಲ್ಲಿ
ಲಂಟಾನ ಕಿತ್ತು ಬಿಡಿಸಿದ ಅರ್ಧ ಎಕರೆ.
ಕೆಂಪು ಗರಸು, ನಡುವೆ ಎಮ್ಮೆ ಮಲಗಿದಂಥ ಬಂಡೆ,
ಆಚೆ ಗುಡ್ಡದ ಮೇಲೆ ಗಾಳಿ ಫ್ಯಾನುಗಳು
ಯಾರಿಗೂ ಬೀಸದೆ ತಿರುಗುತ್ತವೆ.
ಪಾಲಯ್ಯ ಹಗ್ಗ ಹಿಡಿದು ಸಾಲು ಎಳೆಯಲು ಹೊರಟ.
"ಎಡೆ ಹೊಡೆಯೋರು ಯಾರು? ಎರಚು" ಅಂದೆ.
ಕುರುಡು ಚಿತ್ತೆ ಎರಚಿದತ್ತ ಬೆಳೆ ಅಂತಾರಲ್ಲ,
ಮಳೆಗೇ ಕಣ್ಣಿಲ್ಲದಾಗ ನಮಗೇಕೆ ಹಗ್ಗ?
ಎರಚಿದೆವು. ಜಾಲಿ ಕೊಂಬೆಗೆ ಕಲ್ಲು ಕಟ್ಟಿ
ಮೇಲೆ ಎಳೆದಾಡಿದೆವು, ಮಣ್ಣು ಬೀಜವನ್ನು
ಮುಚ್ಚಿತೋ ಇಲ್ಲವೋ ಅನ್ನುವಷ್ಟು.

ಚಿತ್ತೆ ಒಂದು ಸಂಜೆ ಬಂತು, ಹೋಯಿತು.
ಇನ್ನು ಮೇಲಿನದೆಲ್ಲ ಇಬ್ಬನಿಯ ಜವಾಬ್ದಾರಿ.

ಸೀಗೆ ಹುಣ್ಣಿಮೆಗೆ ಊರವರು ಚರಗ ಚೆಲ್ಲಿ ಬಂದರು.
"ನಿಮ್ಮ ಆ ಕಾಡಿನ ಹೊಲಕ್ಕೆ?" ಅತ್ತೆ ಕೇಳಿದಳು.
ಕಣ ಇಲ್ಲ, ರಾಶಿ ಇಲ್ಲ, ಅಳೆಯಲು ಸೇರಿಲ್ಲ,
"ಅದು ಇಡೀ ಚರಗವೇ ಐತೆ ಅತ್ತೆ" ಅಂದೆ.
ಅವಳಿಗೆ ಒಪ್ಪಿಗೆಯಾಗಲಿಲ್ಲ.
ಮರುದಿನ ಬುತ್ತಿಯಲ್ಲಿ ಒಂದು ಕಡುಬು ಹೆಚ್ಚಿತ್ತು.

ದಿಂಡಿಗದ ಮರಕ್ಕೆ ಕ್ಯಾಮೆರಾ ಕಟ್ಟಿದ್ದರು.
ಅದರಲ್ಲಿ ನವಿಲು, ಮೊಲ,
ಮೂರು ರಾತ್ರಿ ಹಂದಿ, ಮತ್ತೆ ನವಿಲು.
ಒಂದರಲ್ಲಿ ನಾನು, ಹಿಂದಿನಿಂದ,
ಬಗ್ಗಿ ಅಲಸಂದೆ ಕುಡಿ ಮಡಿಲಿಗೆ ಹಾಕುತ್ತಿರುವುದು.
"ಇದ್ಯಾವ ಪ್ರಾಣಿ ಪಾಲಯ್ಯ?" ಅಂದರಂತೆ ಸಾಹೇಬರು.
ಅವತ್ತು ಅವನು ನಕ್ಕ, ಅಂಗಿಯ ಗುಂಡಿ ಹಾರುವಷ್ಟು.
ಕೊಂಡಕುರಿಯ ಕಾಲಂನಲ್ಲಿ ಸೊನ್ನೆ ಬರೆದುಕೊಂಡು ಹೋದರು.

ನಮ್ಮಪ್ಪ ಉರುಳು ಒಡ್ಡುವವನು.
ಏಳು ವರ್ಷದವಳ ಕೈಗೆ ಚಿಗುರು ಕೊಟ್ಟು ಕೇಳುತ್ತಿದ್ದ:
"ಯಾರು ತಿಂದಿದ್ದು? ನೋಡಿ ಹೇಳು."
ಮೊಲ ಕತ್ತರಿಸುತ್ತದೆ, ಕುಡುಗೋಲು ಓರೆಯಾಗಿ ಆಡಿದಂತೆ.
ಕೊಂಡಕುರಿಗೆ ಮೇಲೆ ಮುಂದಿನ ಹಲ್ಲಿಲ್ಲ,
ಅದು ಹರಿಯುತ್ತದೆ. ತುದಿಯಲ್ಲಿ ನಾರು ಉಳಿಯುತ್ತದೆ.
ತಪ್ಪು ಹೇಳಿದರೆ ತಲೆಗೊಂದು ಮೊಟಕು,
ಸರಿ ಹೇಳಿದರೆ ಉರುಳು ಅಲ್ಲೇ.

ಕಾರ್ತಿಕದ ಒಂದು ಬೆಳಿಗ್ಗೆ, ಬಂಡೆಯ ಹಿಂಬದಿ,
ಕ್ಯಾಮೆರಾದ ಕಣ್ಣಿಗೆ ಬೆನ್ನಾದ ಕಡೆ
ಹುರುಳಿಯ ಮೂರು ಕುಡಿ ಹರಿದಿದ್ದವು.
ನಾರು ಇನ್ನೂ ಹಸಿ.
ನಾಲ್ಕು ಮಾರು ಆಚೆ ತಂಗಡಿ ಬುಡದಲ್ಲಿ
ಹಿಕ್ಕೆಯ ಗುಡ್ಡೆ. ಹಳೆಯದರ ಮೇಲೆ ಹೊಸದು,
ದಿನಾ ಅಲ್ಲಿಗೇ ಬರುವ, ಒಂಟಿ ಜೀವದ ಅಚ್ಚುಕಟ್ಟು.
ಓಟ್ಸ್ ಮಾತ್ರ ಮುಟ್ಟಿರಲಿಲ್ಲ.

ಕೈ ತನ್ನಷ್ಟಕ್ಕೇ ಅಳೆಯಿತು:
ಇಲ್ಲಿ ಗೂಟ, ಇಲ್ಲಿ ಕುಣಿಕೆ, ಮೊಳಕಾಲೆತ್ತರ.
ಆ ಕೈಯನ್ನು ಸೆರಗಿಗೆ ಒರೆಸಿಕೊಂಡೆ.

ಪಾಲಯ್ಯ ಮರದ ಹತ್ತಿರ ಬ್ಯಾಟರಿ ಬದಲಿಸುತ್ತಿದ್ದ.
"ಏನಾದರೂ ಐತೇನೇ ಆ ಕಡೆ?"
"ಮೊಲ" ಅಂದೆ.
ಅಪ್ಪ ಇದ್ದಿದ್ದರೆ ಮೊಟಕುತ್ತಿದ್ದ.

ಹರಿದ ಕುಡಿಯ ಉಳಿದ ತುಂಡು ಕಿತ್ತು
ಬಾಯಿಗೆ ಹಾಕಿಕೊಂಡೆ.
ಸ್ವಲ್ಪ ಒಗರು. ಆಮೇಲೆ, ಬಹಳ ಹೊತ್ತಿನ ಮೇಲೆ,
ಬೆಲ್ಲವೋ ಏನೋ.